ಮಾಡದ ತಪ್ಪಿಗೆ ಕೇಳಿದ ಕ್ಷಮೆ

ಹಿಲ್ಟುನೆನ್ ಮನೆಯಲ್ಲಿ ಬೆಳಗ್ಗೆ ಎದ್ದವರು ಒಬ್ಬರಿಗೊಬ್ಬರು 'ದೇವರ ಶಾಂತಿ' ಎಂದು ಹೇಳಿ ಕೈ ಕುಲುಕಿದ ಮೇಲೆಯೇ ಕಾಫಿ. ಅವರ ಚರ್ಚಿನ ಸಭೆಗೆ ಸೇರಿದವರ ಮನೆಗಳಲ್ಲೆಲ್ಲ ಹೀಗೆಯೇ. ವಿಶ್ವಾಸದ ಒಳಗಿರುವವನಿಗೆ ಈ ಮಾತು ಸಲ್ಲುತ್ತದೆ. ಹೊರಗೆ ಬಿದ್ದವನಿಗೆ 'ಹಲೋ' ಎಂದರೆ ಸಾಕು. ಆದುದರಿಂದ ಜನವರಿಯ ಆ ಸೋಮವಾರ, ಸೊಸೆಯೂ ಮೊಮ್ಮಕ್ಕಳೂ 'ಪಾಪ್ಪ' ಎಂದು ಕರೆಯುವ ಮುದುಕ ಆರ್ವಿಡ್ ಅಡುಗೆಮನೆಗೆ ಬಂದು, ಸೊಸೆ ಲೇಯಾಳ ಕೈ ಹಿಡಿದು 'ದೇವರ ಶಾಂತಿ' ಎಂದು, ಮೊಮ್ಮಕ್ಕಳಿಗೂ ಒಬ್ಬೊಬ್ಬರಿಗಾಗಿ ಹೇಳಿ, ಕೊನೆಗೆ ಮಗ ರೂಬೆನ್ನನ ಮುಂದೆ ನಿಂತು "ಹಲೋ" ಎಂದಾಗ ಲೇಯಾ ಒಲೆಯ ಕಡೆಗೆ ತಿರುಗಿಕೊಂಡಳು.

"ಹಲೋ ಅಪ್ಪ" ಎಂದ ರೂಬೆನ್.

ಮಕ್ಕಳ ಚಮಚಗಳು ಒಂದು ಕ್ಷಣ ನಿಂತು ಮತ್ತೆ ಆಡತೊಡಗಿದವು.

ಇದರ ಕಾರಣ ಹಿಂದಿನ ವಾರದ್ದು. ರೂಬೆನ್ ಚಾವಣಿ ಹೊದಿಸುವ ಕೆಲಸದವನು. ಚಳಿಗಾಲದಲ್ಲಿ ಹೊದಿಸುವ ಕೆಲಸಕ್ಕಿಂತ ಮನೆಗಳ ಮೇಲಿನ ಹಿಮ ತೆಗೆಯುವ ಕೆಲಸವೇ ಹೆಚ್ಚು. ಆ ವಾರ ಒಂದು ದಿನ ಊಟವಾದ ಸ್ವಲ್ಪ ಹೊತ್ತಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿದ ನೋವು ಬೆನ್ನಿಗೆ ತೂರಿ, ಅವನು ಹೇಗೋ ಏಣಿಯಿಂದ ಇಳಿದು ಹಿಮದಲ್ಲಿ ಮಂಡಿಯೂರಿ ವಾಂತಿ ಮಾಡಿಕೊಂಡಿದ್ದ. ಊರಿನ ಆಸ್ಪತ್ರೆಯವರು ರಕ್ತ ನೋಡಿ, ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದರು. ಎಳೆ ವಯಸ್ಸಿನ ವೈದ್ಯನೊಬ್ಬ ಮಂಚದ ಪಕ್ಕ ನಿಂತು, ಅಪ್ಪನೂ ಹೆಂಡತಿಯೂ ಎದುರಿಗಿರುವಾಗಲೇ ಕೇಳಿದ:

"ದಿನಕ್ಕೆ ಎಷ್ಟು ಕುಡೀತೀರಿ?"

"ಕಾಫಿನಾ?"

ವೈದ್ಯ ನಗಲಿಲ್ಲ. "ಮದ್ಯ."

"ಇಲ್ಲ."

"ವಾರಕ್ಕೆ?"

"ಹುಟ್ಟಿದಾಗಿಂದ ಇಲ್ಲ."

"ಸರಿ" ಎಂದ ವೈದ್ಯ, ಒಪ್ಪದವರ ಧ್ವನಿಯಲ್ಲಿ. "ನಿಮ್ಮ ಪಿತ್ತಕೋಶದಲ್ಲಿ ಕಲ್ಲಿಲ್ಲ. ಈ ಕಾಯಿಲೆ ಬರೋದು ಹೆಚ್ಚಾಗಿ ಕಲ್ಲಿಂದ, ಇಲ್ಲ ಕುಡಿತದಿಂದ. ಯೋಚನೆ ಮಾಡಿ ಹೇಳಿ. ನಾವೇನು ಪೊಲೀಸರಲ್ಲ."

ಆರ್ವಿಡ್ ಟೋಪಿಯನ್ನು ಮಂಡಿಯ ಮೇಲೆ ಇಟ್ಟುಕೊಂಡು ಕುಳಿತಿದ್ದ. ಎರಡು ಕಾರಣಗಳಲ್ಲಿ ಒಂದು ಇಲ್ಲವೆಂದಾದರೆ ಉಳಿಯುವುದು ಇನ್ನೊಂದು. ಇದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಸಭೆಯಲ್ಲಿ ಕುಡಿತ ಪಾಪ. ಮನೆಗೆ ಹಿಂದಿರುಗುವಾಗ ಅವನು ವಾಹನದ ಹಿಂದಿನ ಸೀಟಿನಲ್ಲಿ ಕುಳಿತ. ಸರೋವರದ ಮೇಲಿನಿಂದ ಬೀಸುವ ಹಿಮ ದಾರಿಯನ್ನು ಮುಚ್ಚುತ್ತಿತ್ತು.

ಲೇಯಾ ಗಂಡನನ್ನು ನಂಬಿದಳೆಂದು ಹೇಳಿದರೆ ತಪ್ಪಾಗುತ್ತದೆ, ನಂಬಲಿಲ್ಲವೆಂದರೂ ತಪ್ಪೇ. ಅವಳಿಗೆ ಏಳು ಮಕ್ಕಳ ಬಟ್ಟೆ ಒಗೆಯುವುದಿತ್ತು.

ಬುಧವಾರ ಅವಳು ಪಾಸ್ಟಿ ಮಾಡಿದಳು. ಗೋಮಾಂಸ, ಆಲೂಗಡ್ಡೆ, ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಕೊಬ್ಬು ಕಲಸಿದ ಹಿಟ್ಟಿನೊಳಗೆ ಮಡಚಿ ಸುಡುವ ಈ ಕಡುಬು ರೂಬೆನ್ನನಿಗೆ ಮೊದಲಿನಿಂದಲೂ ಇಷ್ಟ. ಆಸ್ಪತ್ರೆಯಿಂದ ಬಂದವನು ಬಡಕಲಾಗಿದ್ದಾನೆ ಎಂದು ಅವನ ಪಾಲಿನದಕ್ಕೆ ಕೊಬ್ಬನ್ನು ಒಂದು ಹಿಡಿ ಹೆಚ್ಚಾಗಿಯೇ ಹಾಕಿ, ಮಧ್ಯಾಹ್ನದ ಬುತ್ತಿಗೆ ಪ್ರತಿದಿನವೂ ಕಟ್ಟಿಕೊಟ್ಟಳು. ಬುತ್ತಿಯ ಡಬ್ಬಿ ಪ್ರತಿದಿನವೂ ಖಾಲಿಯಾಗಿ ಮರಳುತ್ತಿತ್ತು.

"ಹೇಗಿತ್ತು?"

"ಚೆನ್ನಾಗಿತ್ತು."

ಶನಿವಾರ ದೊಡ್ಡ ಮಗಳು ಸೆಲ್ಮಾ ಅಪ್ಪನ ಟ್ರಕ್ ಗುಡಿಸಲು ಹೋದವಳು ಎರಡೂ ಕೈ ತುಂಬ ಏನನ್ನೋ ಹಿಡಿದು ಅಡುಗೆಮನೆಗೆ ಬಂದು ಮೇಜಿನ ಮೇಲೆ ಸುರಿದಳು. ಕಾಗದ ಸುತ್ತಿದ ಪಾಸ್ಟಿಗಳು, ಕಲ್ಲಿನ ಹಾಗೆ ಹೆಪ್ಪುಗಟ್ಟಿದ್ದವು.

"ಸೀಟಿನ ಹಿಂದೆ ಇತ್ತಮ್ಮ. ಅಪ್ಪ ಮನೆ ಕಟ್ಟೋಕೆ ಇಟ್ಟಿಗೆ ಕೂಡಿಸ್ತಿದಾರೆ ಅನ್ಸುತ್ತೆ."

"ಬಾಯಿ ಮುಚ್ಚು. ಸೌನಾಗೆ ಸೌದೆ ಹಾಕಿದ್ಯಾ?"

"ಹಾಕ್ತೀನಿ."

ಸೆಲ್ಮಾ ಹೊರಗೆ ಹೋದ ಮೇಲೆ ಲೇಯಾ ಗಂಡನನ್ನು ಕರೆದಳು. ರೂಬೆನ್ ಬಂದು ಮೇಜನ್ನು ನೋಡಿ, ಕುರ್ಚಿ ಎಳೆದು ಕುಳಿತ.

"ತಿಂದೆ ಅಂದೆಯಲ್ಲ?"

"ತಿಂದ್ರೆ ನೋವಾಗುತ್ತೆ, ಲೇಯಾ."

"ಹಾಗಂತ ಹೇಳೋದಕ್ಕೇನು?"

"ಹೇಳಿದ್ರೆ ನೀನು ಆಸ್ಪತ್ರೆ ಅಂತೀಯ. ಅಲ್ಲಿಗೆ ಹೋದ್ರೆ ಮತ್ತೆ ಅದೇ ಪ್ರಶ್ನೆ. ಅಪ್ಪ ಮತ್ತೆ ಅಲ್ಲೇ ಕೂತಿರ್ತಾರೆ."

"ದಿನಾ ನನ್ನ ಮುಖ ನೋಡಿ ಸುಳ್ಳು ಹೇಳ್ದೆ. ದಿನಾ."

"ಊಟದ ವಿಷಯದಲ್ಲಿ."

"ಒಂದರಲ್ಲಿ ಹೇಳೋ ಬಾಯಿ ಇನ್ನೊಂದರಲ್ಲಿ ಹೇಳಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?"

ರೂಬೆನ್ ಒಂದು ಪಾಸ್ಟಿಯನ್ನು ಕೈಗೆತ್ತಿಕೊಂಡು ಮೇಜಿನ ಅಂಚಿಗೆ ಮೆಲ್ಲಗೆ ಬಡಿದ. ಅದು ಮರದ ಸದ್ದು ಮಾಡಿತು. "ನೇರವಾಗಿ ಕೇಳಿಬಿಡು."

"ಕುಡೀತೀಯಾ?"

"ಇಲ್ಲ."

ಲೇಯಾ ಪಾಸ್ಟಿಗಳನ್ನು ಬಕೆಟ್ಟಿಗೆ ತುಂಬಿಸಿದಳು; ನಾಯಿಗಾದರೂ ಆಗುತ್ತದೆ. ಅನಂತರ ಅವನ ಕಡೆಗೆ ನೋಡದೆ ಹೇಳಿದಳು: "ಮುಂದಿನ ತಿಂಗಳು ಸಭೆಯ ದೊಡ್ಡ ಕೂಟ. ಮಿನೆಸೋಟದಿಂದ ನನ್ನ ಅಣ್ಣಂದಿರು ಬರ್ತಾರೆ, ಈ ಮನೇಲೇ ಉಳೀತಾರೆ. ಪಾಪ್ಪ ಎಲ್ಲರೆದುರಿಗೆ ನಿನಗೆ ಹಲೋ ಅಂದ್ರೆ ನಾನು ಎಲ್ಲಿ ನಿಂತ್ಕೊಳ್ಲಿ? ಕ್ಷಮೆ ಕೇಳಿಬಿಡು, ರೂಬೆನ್. ಇವತ್ತೇ ಕೇಳಿಬಿಡು. ಒಂದು ಮಾತು. ಮನೇಲಿ ಶಾಂತಿ ಇರುತ್ತೆ."

"ಯಾವುದಕ್ಕೆ ಕೇಳಲಿ?"

"ಅದು ನಿನಗೆ ಗೊತ್ತು."

"ನನಗೆ ಗೊತ್ತಿಲ್ಲ."

"ಹಾಗಾದ್ರೆ ಪಾಪ್ಪನಿಗೆ ಗೊತ್ತಿರೋದಕ್ಕೆ ಕೇಳು."

ಆ ಸಂಜೆ ಎಲ್ಲರೂ ಸೌನಾದ ಬಿಸಿ ಹಬೆಯಲ್ಲಿ ಬೆವರಿ, ಮಿಂದು, ಕೆಂಪಗೆ ಕಾದ ಮುಖಗಳೊಂದಿಗೆ ಮೇಜಿನ ಸುತ್ತ ಕುಳಿತರು. ಏಲಕ್ಕಿ ಹಾಕಿದ ನಿಸು ಬ್ರೆಡ್, ಬೆಣ್ಣೆ, ಕಾಫಿ. ರೂಬೆನ್ ಬ್ರೆಡ್ಡನ್ನು ಮುಟ್ಟಲಿಲ್ಲ. ಅವನು ಎದ್ದು ಅಪ್ಪನ ಕುರ್ಚಿಯ ಹತ್ತಿರ ಹೋಗಿ ನಿಂತ.

"ಅಪ್ಪ, ನಾನು ಕುಡಿದಿದೀನಿ. ಬಚ್ಚಿಟ್ಟಿದ್ದೆ. ಕ್ಷಮೆ ಸಿಗುತ್ತಾ?"

ಹೀಗೆ ಕೇಳಿದವನಿಗೆ ಇಲ್ಲವೆನ್ನುವ ಪದ್ಧತಿ ಅವರಲ್ಲಿಲ್ಲ. ತಡಮಾಡುವ ಪದ್ಧತಿಯೂ ಇಲ್ಲ. ಆರ್ವಿಡ್ ಎದ್ದು ನಿಂತು ಎರಡು ಕೈಗಳನ್ನೂ ಮಗನ ಕೊರಳ ಸುತ್ತ ಹಾಕಿದ. "ಯೇಸುವಿನ ಹೆಸರಿನಲ್ಲಿ, ಆತನ ರಕ್ತದಲ್ಲಿ, ನಿನ್ನ ಪಾಪಗಳೆಲ್ಲ ಕ್ಷಮಿಸಲ್ಪಟ್ಟಿವೆ ಎಂದು ನಂಬು." ಮುದುಕನ ಕಣ್ಣಲ್ಲಿ ನೀರು ಇಳಿಯಿತು. "ದೇವರ ಶಾಂತಿ, ಮಗ."

"ದೇವರ ಶಾಂತಿ" ಎಂದ ರೂಬೆನ್.

ಲೇಯಾಳೂ ಅವನನ್ನು ಅಪ್ಪಿಕೊಂಡು ಅದೇ ಮಾತು ಹೇಳಿದಳು. ಅವನು ಅವಳ ಭುಜದ ಮೇಲಿನಿಂದ ಕಿಟಕಿಯನ್ನು ನೋಡುತ್ತಿದ್ದ. ಅವಳಿಗೆ ಹಗುರವಾಯಿತು. ಕುಡಿಯುವ ಗಂಡನನ್ನು ಏನು ಮಾಡಬೇಕೆಂಬುದು ಅವಳಿಗೆ ಗೊತ್ತಿತ್ತು. ಕುಡಿಯುತ್ತಾನೋ ಇಲ್ಲವೋ ತಿಳಿಯದ ಗಂಡನನ್ನು ಏನು ಮಾಡಬೇಕೆಂಬುದು ಗೊತ್ತಿರಲಿಲ್ಲ. ಆ ಕ್ಷಣದಿಂದ ಅವಳು ಅವನ ಮಾತನ್ನು ನಂಬಿದಳು. ತಾನೇ ಕೇಳಿ ಹೇಳಿಸಿದ ಮಾತೆಂಬುದು ಅವಳ ನೆನಪಿನಲ್ಲಿ ಉಳಿಯಲಿಲ್ಲ.

ದೊಡ್ಡ ಕೂಟ ಬಂದು ಹೋಯಿತು. ಅಣ್ಣಂದಿರು ಬಂದರು, ನೆಲದ ಮೇಲೆಲ್ಲ ಹಾಸಿಗೆ ಹಾಸಿದರು, ಪಾತ್ರೆಗಟ್ಟಲೆ ಮೀನಿನ ಸಾರು ಖಾಲಿಯಾಯಿತು. ಬೆಳಗ್ಗೆ ಎಲ್ಲರೂ ಎಲ್ಲರಿಗೂ 'ದೇವರ ಶಾಂತಿ' ಎಂದರು.

ಮಾರ್ಚ್ ತಿಂಗಳಲ್ಲಿ ನೋವು ಮತ್ತೆ ಬಂತು. ಆಸ್ಪತ್ರೆಯ ಮಂಚದ ಮೇಲೆ ರೂಬೆನ್ ಮಲಗಲಾರದೆ ಮುಂದಕ್ಕೆ ಬಾಗಿ ಕುಳಿತು, ತಲೆದಿಂಬನ್ನು ಹೊಟ್ಟೆಗೆ ಒತ್ತಿಕೊಂಡಿದ್ದ. ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ದಾದಿ ಲೇಯಾಳನ್ನು ಕೇಳಿದಳು:

"ಕುಡಿಯೋ ಅಭ್ಯಾಸ ಇದೆಯಾ?"

ಲೇಯಾ ಗಂಡನ ಕಡೆ ನೋಡಿದಳು. ಅವನೂ ತಲೆಯೆತ್ತಿ ಅವಳನ್ನು ನೋಡಿದ. ಸುಳ್ಳು ಹೇಳುವುದು ಅವಳಿಂದಾಗದ ಕೆಲಸ.

"ಇದೆ" ಎಂದಳು. "ಕುಡೀತಿದ್ದೆ ಅಂತ ಒಪ್ಕೊಂಡಿದಾರೆ."

ದಾದಿ ಬರೆದುಕೊಂಡಳು. ಆಮೇಲೆ ಯಾರೂ ಬೇರೆ ಪ್ರಶ್ನೆ ಕೇಳಲಿಲ್ಲ. ಉಪವಾಸ ಹಾಕಿದರು, ನರಕ್ಕೆ ನೀರು ಏರಿಸಿದರು. ನೋವಿನ ಔಷಧಿಯನ್ನು ಅಳೆದು ಸುರಿದು ಕೊಟ್ಟರು. ಮನೆಗೆ ಕಳುಹಿಸುವ ದಿನ ಎಳೆಯ ವೈದ್ಯ ಲೇಯಾಳನ್ನು ಪಕ್ಕಕ್ಕೆ ಕರೆದು, "ನಿಜ ಹೇಳಿದ್ದು ಒಳ್ಳೇದಾಯ್ತು. ಇಲ್ಲದಿದ್ರೆ ನಾವು ಸುಮ್ಮನೆ ಏನೇನೋ ಹುಡುಕ್ತಾ ಕೂತಿರ್ತಿದ್ವಿ" ಎಂದ.

ರೂಬೆನ್ನನ ಕೆಲಸದ ಯಜಮಾನ ಅವನ ಚಿಕ್ಕಪ್ಪನ ಮಗನೇ. ಅವನು ಮನೆಗೆ ಬಂದು ಬಾಗಿಲಲ್ಲೇ ಬೂಟಿನ ಹಿಮ ಕೊಡವುತ್ತ ನಿಂತ. "ಒಳಗೆ ಬರಲ್ಲ, ಲೇಯಾ. ನೆಲ ಒದ್ದೆ ಆಗುತ್ತೆ. ಅವನಿಗೆ ಕ್ಷಮೆ ಆಗಿದೆ, ನಾನು ಒಪ್ತೀನಿ. ಆದ್ರೆ ಚಾವಣಿ ಹತ್ತಿಸೋದಕ್ಕೆ ಆಗಲ್ಲ. ಬಿದ್ರೆ ನಾನು ಹೊಣೆ."

"ಕೆಳಗಿನ ಕೆಲಸ ಏನಾದ್ರೂ?"

"ಚಾವಣಿ ಕೆಲಸದಲ್ಲಿ ಕೆಳಗಿನ ಕೆಲಸ ಯಾವುದಿದೆ?"

ರೂಬೆನ್ ಒಳಗಿನಿಂದ ಕೇಳಿಸಿಕೊಂಡ. ಹೊರಗೆ ಬರಲಿಲ್ಲ.

ಅನಂತರ ಲೇಯಾ ವೃದ್ಧರ ಆಶ್ರಯಮನೆಯಲ್ಲಿ ನೆಲ ಒರೆಸುವ ಕೆಲಸ ಹಿಡಿದಳು. ಮಕ್ಕಳಿಗೆ ಬೆಳಗಿನ ಗಂಜಿ ರೂಬೆನ್ ಮಾಡತೊಡಗಿದ. ಅವನ ಗಂಜಿ ತಳ ಹಿಡಿಯುತ್ತಿತ್ತು. ಆರ್ವಿಡ್ ದಿನವೂ ಮಗನ ಎದುರು ಕುಳಿತು ತಳ ಹಿಡಿದ ವಾಸನೆಯ ಗಂಜಿಯನ್ನು ತಿಂದು ಮುಗಿಸುತ್ತಿದ್ದ. ಒಂದು ದಿನ ಸೆಲ್ಮಾಳಿಗೆ ತಡೆಯಲಾಗಲಿಲ್ಲ.

"ಪಾಪ್ಪ, ಅಪ್ಪ ಕುಡಿಯೋದನ್ನ ನೀವು ನೋಡಿದೀರಾ?"

"ಅವನೇ ಹೇಳಿದನಲ್ಲ."

"ಬಾಟಲಿ ಎಲ್ಲಿ? ಟ್ರಕ್ಕು, ಗ್ಯಾರೇಜು, ಸೌನಾ ಎಲ್ಲ ಗುಡಿಸೋಳು ನಾನು. ನನಗೆ ಸಿಕ್ಕಿದ್ದು ಪಾಸ್ಟಿ ಮಾತ್ರ."

"ಕ್ಷಮೆ ಆದದ್ದನ್ನ ಮತ್ತೆ ಅಗೀಬಾರದು. ಸಮುದ್ರದ ತಳಕ್ಕೆ ಹೋಯ್ತು ಅದು. ಗಂಜಿ ತಿನ್ನು."

"ಸೀದಿದೆ."

"ಸೀದದ್ದನ್ನೇ ತಿನ್ನು."

ರೂಬೆನ್ ಪಾತ್ರೆಯ ತಳವನ್ನು ಸೌಟಿನಿಂದ ಕೆರೆಯುತ್ತಿದ್ದ. ಕೆರೆಯುವುದನ್ನು ನಿಲ್ಲಿಸಲಿಲ್ಲ.

ಮೂರನೆಯ ಸಲ ನೋವು ಬಂದದ್ದು ಹಿಮ ಕರಗುವ ಕಾಲಕ್ಕೆ. ಅಂದು ಅವನು ತಿಂದದ್ದು ಒಂದು ಬೇಯಿಸಿದ ಆಲೂಗಡ್ಡೆಯನ್ನು ಮಾತ್ರ. ಜ್ವರ ಏರಿತು, ಏದುಸಿರು ಬಂತು, ತುಟಿಯ ಬಣ್ಣ ಬದಲಾಯಿತು. ಊರಿನ ಆಸ್ಪತ್ರೆಯವರು ತಮ್ಮಿಂದಾಗದೆಂದು ಆಂಬುಲೆನ್ಸಿನಲ್ಲಿ ವಿಸ್ಕಾನ್ಸಿನ್‌ನ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಲೇಯಾ ಟ್ರಕ್ಕಿನಲ್ಲಿ ಹಿಂದೆ ಹೋದಳು. ಸೀಟಿನ ಹಿಂದೆ ಎಲ್ಲಿಯೋ ಒಂದು ಹಳೆಯ ಪಾಸ್ಟಿ ಉಳಿದಿದ್ದಿರಬೇಕು, ವಾಸನೆ ಬರುತ್ತಿತ್ತು. ಅವಳು ಕಿಟಕಿ ಇಳಿಸಿ ಓಡಿಸಿದಳು.

ರೂಬೆನ್ ಅನೇಕ ದಿನ ತೀವ್ರ ನಿಗಾ ಕೋಣೆಯಲ್ಲಿದ್ದ. ಹೊರಗೆ ಬಂದಾಗ ಅವನ ಕೈಗಳು ಅಪ್ಪನ ಕೈಗಳ ಹಾಗೆ ಕಾಣುತ್ತಿದ್ದವು. ಅಲ್ಲಿಯ ವೈದ್ಯೆ ಬ್ರಾಂಟ್ ನರೆಗೂದಲಿನ ಗಿಡ್ಡ ಹೆಂಗಸು; ಕುರ್ಚಿ ಎಳೆದುಕೊಂಡು ಮಂಚಕ್ಕೆ ಒತ್ತಿ ಕುಳಿತಳು.

"ಊರಿನವರು ಮದ್ಯ ಅಂತ ಬರೆದು ಕಳಿಸಿದಾರೆ. ಎಷ್ಟು ಕುಡೀತಿದ್ರಿ?"

"ಅವಳನ್ನ ಕೇಳಿ" ಎಂದ ರೂಬೆನ್. "ಅವಳಿಗೆ ಗೊತ್ತು."

ವೈದ್ಯೆ ಲೇಯಾಳ ಕಡೆ ತಿರುಗಿದಳು.

"ಎಷ್ಟು ಅಂತ ನನಗೆ ಗೊತ್ತಿಲ್ಲ" ಎಂದಳು ಲೇಯಾ.

"ಕುಡಿಯೋದನ್ನ ನೋಡಿದೀರಾ?"

"ಇಲ್ಲ."

"ವಾಸನೆ?"

"ಇಲ್ಲ."

"ಮತ್ತೆ ಹೇಗೆ ಹೇಳಿದ್ರಿ?"

"ಅವರೇ ಒಪ್ಕೊಂಡ್ರು. ಅಪ್ಪನ ಹತ್ರ ಕ್ಷಮೆ ಕೇಳಿದ್ರು."

"ತಾವಾಗೇ?"

ಲೇಯಾ ಕೈಚೀಲದ ಜಿಪ್ಪನ್ನು ತೆರೆದಳು, ಮುಚ್ಚಿದಳು. "ನಾನು ಕೇಳು ಅಂದೆ."

"ಅವರು ಕುಡಿದಿದಾರೆ ಅಂತ ನಿಮಗೆ ಖಾತ್ರಿ ಇತ್ತಾ?"

"ಇರಲಿಲ್ಲ. ಮನೇಲಿ ಶಾಂತಿ ಬೇಕಿತ್ತು."

ವೈದ್ಯೆ ರೂಬೆನ್ನನ ಕಡೆ ತಿರುಗಿ ಕೇಳಿದಳು: "ನೀವು ಯಾವತ್ತಾದ್ರೂ ಕುಡಿದಿದೀರಾ?"

"ಇಲ್ಲ. ಅದರ ರುಚಿ ಹೇಗಿರುತ್ತೆ ಅಂತಾನೂ ಗೊತ್ತಿಲ್ಲ. ಗೊತ್ತಿದ್ದಿದ್ರೆ ಅನ್ನಿಸಿಕೊಂಡದ್ದಕ್ಕಾದ್ರೂ ಲಾಭ ಆಗ್ತಿತ್ತು."

ಮರುದಿನ ಅವನನ್ನು ಕೊಳವೆಯಂಥ ಯಂತ್ರದೊಳಗೆ ಮಲಗಿಸಿ ಒಳಗಿನ ಚಿತ್ರ ತೆಗೆದರು. ಸಂಜೆ ವೈದ್ಯೆ ಬಂದು, ಊಟದ ತಟ್ಟೆಯ ಮೇಲಿನ ಕಾಗದವನ್ನು ತಿರುವಿ ಪೆನ್ನಿನಿಂದ ಗೆರೆ ಎಳೆದಳು. ಒಂದು ಉದ್ದ ಗೆರೆ, ಒಂದು ಗಿಡ್ಡ ಗೆರೆ.

"ಮಗು ಹೊಟ್ಟೇಲಿರುವಾಗ ಈ ಗ್ರಂಥಿ ಎರಡು ತುಂಡಾಗಿ ಬೆಳೆಯುತ್ತೆ. ಎರಡಕ್ಕೂ ಒಂದೊಂದು ನಾಳ. ಹುಟ್ಟೋದಕ್ಕೆ ಮುಂಚೆ ಎರಡು ನಾಳಾನೂ ಕೂಡ್ಕೊಂಡು, ದೊಡ್ಡ ಬಾಯಿಂದ ರಸ ಕರುಳಿಗೆ ಇಳೀಬೇಕು. ನಿಮ್ಮಲ್ಲಿ ಅವು ಕೂಡ್ಕೊಂಡಿಲ್ಲ. ಹೆಚ್ಚುಕಡಿಮೆ ಎಲ್ಲ ರಸಾನೂ ಈ ಚಿಕ್ಕ ಬಾಯಿಂದಲೇ ಹೋಗಬೇಕು. ನಿಮ್ಮ ಆ ಬಾಯಿ ತೀರಾ ಕಿರಿದು. ರಸ ಹಿಂದಕ್ಕೆ ಒತ್ತಿದಾಗ ಗ್ರಂಥಿ ಊದ್ಕೊಳ್ಳುತ್ತೆ."

"ಹುಟ್ಟಿದಾಗಿಂದ ಹೀಗೇ ಇತ್ತಾ?" ಎಂದಳು ಲೇಯಾ.

"ಹುಟ್ಟೋದಕ್ಕೆ ಮುಂಚೆಯಿಂದ. ಒಂದು ಮಾತು ತಿಳ್ಕೊಳ್ಳಿ. ಇಂಥ ನಾಳ ಇರೋರು ತುಂಬ ಜನ ಇದಾರೆ. ಹೆಚ್ಚಿನವರಿಗೆ ಸಾಯೋವರೆಗೂ ಏನೂ ಆಗಲ್ಲ. ಇದೊಂದೇ ಕಾರಣ ಅಂತ ನಾನು ಆಣೆ ಇಟ್ಟು ಹೇಳಲಾರೆ. ಆದ್ರೆ ಇವರಲ್ಲಿ ನಾಳ ಹಿಗ್ಗಿದೆ, ಬೇರೆ ಕಾರಣ ಸಿಕ್ಕಿಲ್ಲ. ಊತ ಪೂರ್ತಿ ಇಳಿದ ಮೇಲೆ ಆ ಬಾಯನ್ನ ಸ್ವಲ್ಪ ಕೊಯ್ದು ದೊಡ್ಡದು ಮಾಡ್ತೀವಿ. ಗುಣ ಆಗಬಹುದು. ಆಗದೇನೂ ಇರಬಹುದು."

"ಮಾರ್ಚಿನಲ್ಲೇ ಈ ಚಿತ್ರ ತೆಗೆದಿದ್ರೆ?"

ವೈದ್ಯೆ ಪೆನ್ನಿನ ತುದಿ ಮುಚ್ಚಿದಳು. "ಮಾರ್ಚಿನಲ್ಲೇ ಗೊತ್ತಾಗ್ತಿತ್ತು. ಈಗ ಗ್ರಂಥಿಯ ಒಂದು ಭಾಗ ಸತ್ತಿದೆ. ಅದು ಮತ್ತೆ ಬರಲ್ಲ."

ರೂಬೆನ್ ಗೋಡೆಯ ಕಡೆ ಹೊರಳಿದ. ಲೇಯಾ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಊಟದ ತಟ್ಟೆಯಲ್ಲಿ ತಿಳಿ ಸಾರು ತಣ್ಣಗಾಗಿತ್ತು. ಅವಳು ಅದನ್ನು ತಾನೇ ಕುಡಿದು ಬಟ್ಟಲನ್ನು ತೊಳೆದಿಟ್ಟಳು.

ಊತ ಇಳಿಯುವ ತನಕ ಅವನನ್ನು ಅಲ್ಲಿಯೇ ಇಟ್ಟುಕೊಂಡು, ಬಾಯೊಳಗಿಂದ ನಳಿಕೆ ಇಳಿಸಿ ಆ ಕಿರಿದಾದ ದ್ವಾರವನ್ನು ಕೊಯ್ದು ಮನೆಗೆ ಕಳುಹಿಸಿದರು. ಜೂನ್ ತಿಂಗಳು. ಅಂಗಳದಲ್ಲಿ ಹುಲ್ಲು ಎದ್ದಿತ್ತು. ಆರ್ವಿಡ್ ಜಗುಲಿಯಲ್ಲಿ ಕಾದಿದ್ದ. ಸೊಸೆ ಫೋನಿನಲ್ಲಿ ಹೇಳಿದ್ದರಿಂದ ಎಲ್ಲವೂ ಅವನಿಗೆ ತಿಳಿದಿತ್ತು.

ಆ ರಾತ್ರಿಯ ಊಟಕ್ಕೆ ಅನ್ನದ ಗಂಜಿ. ಆರ್ವಿಡ್ ಪ್ರಾರ್ಥನೆ ಮುಗಿಸಿ ಚಮಚ ಎತ್ತಿಕೊಳ್ಳದೆ ಕುಳಿತ.

"ರೂಬೆನ್, ನೀನು ಕುಡಿದಿಲ್ಲ ಅಂತಾಯ್ತು."

"ಆಯ್ತು."

"ಕುಡಿದಿದೀನಿ ಅಂದೆ ಆವತ್ತು. ಅದು ಸುಳ್ಳು."

"ಹೌದು."

"ದೇವರ ಹೆಸರಲ್ಲಿ ಕ್ಷಮೆ ಕೇಳುವಾಗ ಸುಳ್ಳು ಹೇಳ್ದೆ. ಅದು ಉಳೀಬಾರದು, ಮಗ. ಅದನ್ನ ಹಾಗೇ ಇಟ್ಕೊಂಡು ನೀನು ಮೊನ್ನೆ ಸತ್ತಿದ್ರೆ ಏನಾಗ್ತಿತ್ತು?"

"ಪಾಪ್ಪ!" ಎಂದಳು ಸೆಲ್ಮಾ. "ಅಪ್ಪ ಕುಡಿದ್ರೂ ತಪ್ಪು, ಕುಡೀದಿದ್ರೂ ತಪ್ಪಾ?"

"ಕುಡೀದೆ ಕುಡಿದೆ ಅಂದದ್ದು ತಪ್ಪು."

"ಹೇಳಿಸಿದ್ದು ಯಾರು?"

"ದೊಡ್ಡೋರು ಮಾತಾಡುವಾಗ ಬಾಯಿ ಹಾಕ್ಬೇಡ."

ರೂಬೆನ್ ಚಮಚ ಕೆಳಗಿಟ್ಟ. ಎದ್ದು ನಿಲ್ಲಲಿಲ್ಲ, ಕುಳಿತಲ್ಲಿಂದಲೇ, ಉಪ್ಪು ಕೇಳುವ ಧ್ವನಿಯಲ್ಲಿ ಕೇಳಿದ: "ಸುಳ್ಳು ಹೇಳಿದೀನಿ. ಕ್ಷಮೆ ಸಿಗುತ್ತಾ?"

ಆರ್ವಿಡ್ ಮೇಜಿನ ಮೇಲಿನಿಂದ ಕೈ ಚಾಚಿ ಅದೇ ಮಾತು ಹೇಳಿದ. ರೂಬೆನ್ "ಸರಿ" ಎಂದು ಚಮಚ ಎತ್ತಿಕೊಂಡ.

ಆಗ ಲೇಯಾ ಎದ್ದಳು. ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ಚಿಕ್ಕ ಮಗು ಬೆಚ್ಚಿತು.

"ಅವನದ್ದಾಯ್ತು. ಇನ್ನು ಯಾರದ್ದೂ ಇಲ್ವಾ, ಪಾಪ್ಪ?"

ಮುದುಕ ಗಂಜಿಯ ಮೇಲೆ ಕಣ್ಣಿಟ್ಟ. "ವೈದ್ಯರು ಹೇಳಿದ್ದನ್ನ ನಾನು ನಂಬಿದೆ."

"ವೈದ್ಯರನ್ನ ನಂಬಿದ್ರಿ. ಮಗನ್ನ ನಂಬಲಿಲ್ಲ."

"ನೀನು ನಂಬಿದ್ಯಾ?"

ಲೇಯಾ ಮೇಜನ್ನು ಸುತ್ತಿ ಬಂದು ಗಂಡನ ಪಕ್ಕದಲ್ಲಿ ನಿಂತಳು. "ರೂಬೆನ್, ನಾನು ನಿನ್ನ ಬಾಯಿಂದ ಸುಳ್ಳು ಹೇಳಿಸ್ದೆ. ಆಮೇಲೆ ಅದನ್ನೇ ನಿಜ ಅಂತ ಆಸ್ಪತ್ರೇಲಿ ಹೇಳ್ದೆ. ಕ್ಷಮೆ ಸಿಗುತ್ತಾ?"

ಮಕ್ಕಳೆಲ್ಲರೂ ಅಪ್ಪನ ಬಾಯಿಯನ್ನು ನೋಡಿದರು. ಉತ್ತರ ಏನೆಂಬುದು ಅವರಲ್ಲಿ ಮಾತು ಬರುವ ಕೂಸಿಗೂ ಗೊತ್ತು.

ರೂಬೆನ್ ಗಂಜಿಯನ್ನು ಒಂದು ಚಮಚ ತಿಂದ. ನಿಧಾನವಾಗಿ ನುಂಗಿದ. ನೋವು ಬರುತ್ತದೆಯೇ ಎಂದು ಕಾಯುವವನಂತೆ ಸ್ವಲ್ಪ ತಡೆದ.

"ನಾಳೆ ಕೇಳು" ಎಂದ.

ಆರ್ವಿಡ್ ತಲೆಯೆತ್ತಿದ. "ಹಾಗನ್ನೋ ಹಾಗಿಲ್ಲ, ಮಗ."

"ಗೊತ್ತು ಅಪ್ಪ. ಗಂಜಿ ಆರುತ್ತೆ, ತಿನ್ನಿ."

ಮರುದಿನ ಪಾತ್ರೆ ತೊಳೆದಾದ ಮೇಲೆ ಲೇಯಾ ಕೇಳಿದಳು. "ನಾಳೆ" ಎಂದ. ಅದರ ಮರುದಿನವೂ ಕೇಳಿದಳು. ಅವನದು ಸಿಟ್ಟಲ್ಲ, ಹಟವೂ ಅಲ್ಲ. ಅಂಗಡಿಯಲ್ಲಿ ಇಲ್ಲದ ಸಾಮಾನನ್ನು ಕೇಳಿದವರಿಗೆ ಹೇಳುವಂತೆ 'ನಾಳೆ' ಎನ್ನುತ್ತಿದ್ದ. ಅವಳು ಆಶ್ರಯಮನೆಯ ಕೆಲಸಕ್ಕೆ ಹೋದಳು, ಬಂದಳು. ಕೊಬ್ಬಿಲ್ಲದ ಅಡುಗೆ ಕಲಿತಳು: ಬೇಯಿಸಿದ ಕೋಳಿ, ಬೆಣ್ಣೆಯಿಲ್ಲದ ಆಲೂಗಡ್ಡೆ, ಕೆನೆ ತೆಗೆದ ಮೊಸರು. ಮಕ್ಕಳು ಗೊಣಗಿದರು.

"ಇದು ಆಸ್ಪತ್ರೆ ಊಟ" ಎಂದಳು ಸೆಲ್ಮಾ.

"ಆಸ್ಪತ್ರೆ ಊಟ ಇದಕ್ಕಿಂತ ಚೆನ್ನಾಗಿತ್ತು" ಎಂದ ರೂಬೆನ್. ಲೇಯಾ ತಲೆಯೆತ್ತಿದಳು. ಅವನು ಎಷ್ಟೋ ತಿಂಗಳುಗಳಿಂದ ತಮಾಷೆ ಮಾಡಿರಲಿಲ್ಲ.

ಕೊಬ್ಬಿಲ್ಲದ ಪಾಸ್ಟಿ ಮಾಡಲು ಹೋಗಿ ಹಿಟ್ಟು ಒಡೆಯಿತು. ಆರ್ವಿಡ್ ಆ ಚೂರುಗಳನ್ನು ಚಮಚದಿಂದ ತಿಂದು, "ಚೆನ್ನಾಗಿದೆ" ಎಂದ. ಅವನು ಸುಳ್ಳು ಹೇಳಿದ್ದನ್ನು ಮನೆಯವರು ಕೇಳಿದ್ದು ಅದೇ ಮೊದಲು. ಯಾರೂ ಅವನನ್ನು ಏನೂ ಅನ್ನಲಿಲ್ಲ.

ಬೆಳಗ್ಗೆ ಕೈ ಕುಲುಕುವ ಸಾಲಿನಲ್ಲಿಯೂ ಒಂದು ಬದಲಾವಣೆಯಾಗಿತ್ತು. ಮುದುಕ ಈಗ ಸೊಸೆ ಮೊಮ್ಮಕ್ಕಳನ್ನು ದಾಟಿ ಮೊದಲು ಮಗನ ಬಳಿಗೆ ಹೋಗಿ ಕೈ ಚಾಚುತ್ತಿದ್ದ. "ದೇವರ ಶಾಂತಿ, ರೂಬೆನ್." ರೂಬೆನ್ ಕೈ ಹಿಡಿಯುತ್ತಿದ್ದ; "ಕಾಫಿ ಬಿಸಿ ಇದೆ, ಅಪ್ಪ" ಎನ್ನುತ್ತಿದ್ದ. ಒಂದು ದಿನ ಮುದುಕ ಹಿಡಿದ ಕೈಯನ್ನು ಬಿಡದೆ ಏನೋ ಹೇಳಲು ಬಾಯಿ ತೆರೆದ. ಜೀವಮಾನವೆಲ್ಲ ಕ್ಷಮೆ ಹೇಳಿದ್ದವನಿಗೆ ಅದನ್ನು ಕೇಳುವ ವಾಕ್ಯ ಎಲ್ಲಿಂದ ಆರಂಭವಾಗುತ್ತದೆಂದು ನೆನಪಾಗದ ಹಾಗಿತ್ತು. ರೂಬೆನ್ ಕಾದ. ಆಮೇಲೆ ಮೆಲ್ಲಗೆ ಕೈ ಬಿಡಿಸಿಕೊಂಡು ಬಟ್ಟಲಿಗೆ ಕಾಫಿ ಬಗ್ಗಿಸಿ ಅಪ್ಪನ ಮುಂದಿಟ್ಟ.

ಆಗಸ್ಟ್‌ನ ಒಂದು ಶನಿವಾರ. ಕೆಲಸದ ಯಜಮಾನ ಫೋನ್ ಮಾಡಿ, ಸೋಮವಾರದಿಂದ ಅರ್ಧ ದಿನ ಬರಬಹುದೇ ಎಂದು ಕೇಳಿದ್ದ. ಎಲ್ಲರ ಸೌನಾ ಮುಗಿದಿತ್ತು, ಮಕ್ಕಳು ಹೊರಗೆ ಹುಲ್ಲಿನ ಮೇಲೆ ಕೂಗಾಡುತ್ತಿದ್ದರು. ರೂಬೆನ್ ಒದ್ದೆ ಕೂದಲಿನಲ್ಲಿ ಮೇಜಿನ ಹತ್ತಿರ ಕುಳಿತು ಒಂದು ನಿಸು ಚೂರನ್ನು ಕಾಫಿಯಲ್ಲಿ ಅದ್ದಿ ತಿಂದ. ಇನ್ನೊಂದನ್ನೂ ತಿಂದ. ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳಲಿಲ್ಲ.

ಲೇಯಾ ಪಾತ್ರೆ ತೊಳೆದು ಮುಗಿಸಿ ಕೈ ಒರೆಸಿಕೊಂಡಳು. ಆಶ್ರಯಮನೆಯಲ್ಲಿ ಅಂದು ಎರಡು ಪಾಳಿ ಕೆಲಸ ಮಾಡಿದ್ದಳು. ಮಲಗಲು ಹೊರಟಳು.

"ಇವತ್ತು ಕೇಳಲಿಲ್ಲ" ಎಂದ ರೂಬೆನ್ ಹಿಂದಿನಿಂದ.

ಅವಳು ಬಾಗಿಲಲ್ಲಿ ನಿಂತಳು. "ಕೇಳಿದ್ರೆ ನಾಳೆ ಅಂತೀಯ."

"ಅನ್ನಬಹುದು."

"ಮತ್ತೆ ಯಾಕೆ ಕೇಳಲಿ?"

ಅವನು ಬಟ್ಟಲಿನ ತಳದಲ್ಲಿ ಉಳಿದಿದ್ದ ಬ್ರೆಡ್ಡಿನ ಚೂರನ್ನು ಚಮಚದಿಂದ ಎತ್ತಿ ತಿಂದ. ಬಟ್ಟಲನ್ನು ತಾನೇ ತೊಟ್ಟಿಗೆ ಒಯ್ದು ತೊಳೆದು ಬೋರಲು ಹಾಕಿದ. ಅನಂತರ ಮೇಜಿಗೆ ಮರಳಿ, ಅವಳ ಕುರ್ಚಿಯನ್ನು ಕಾಲಿನಿಂದ ಹೊರಕ್ಕೆ ಸರಿಸಿ ಹೇಳಿದ:

"ಕೂತ್ಕೊಂಡು ಕೇಳು."

ಲೇಯಾ ಹಿಂದಿರುಗಿ ಬಂದು ಕುಳಿತಳು.